ಮೋಟಾರಿಗೆ ಕಾಡಿಗೆ

ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಮುಖ ಕಾಣುವಂತೆ ಬೆಳಗುವ ಮನೆಯಲ್ಲಿ ಹುಟ್ಟಿ ಬೆಳೆದವನು ನಾನು. ಅಂಥವನಿಗೆ ಮೋಟಾರಿನ ಮೈಮೇಲಿನ ನಾಲ್ಕು ತುಕ್ಕಿನ ಕಲೆ ಯಾವ ಲೆಕ್ಕ? ಹೀಗೆ ಅಂದುಕೊಂಡೇ ಆ ಸೋಮವಾರ ಅಂಗಿಯ ತೋಳು ಮಡಿಚಿದೆ. ಈಗ ಬೇರೆ ಯಾರಾದರೂ ತೋಳು ಮಡಿಚಿದರೂ ನನಗೆ ಸೊಂಟ ನೋಯತೊಡಗುತ್ತದೆ.

ವಡಗಾವಿಯ ಒಬ್ಬ ಮುನ್ಶಿಗೆ ಮೋಟಾರು ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ಊರೆಲ್ಲ ಕೇಳಿದೆ. ದಂಡಿನ ಕ್ಯಾಂಪಿನ ಸಾಹೇಬರಿಗೆ ಕನ್ನಡ ಕಲಿಸುವುದು ನನ್ನ ಉದ್ಯೋಗ. ಅವರಲ್ಲೊಬ್ಬ ಮುದುಕ ಸಾಹೇಬ ಆರು ವರ್ಷ ಕಷ್ಟಪಟ್ಟು ಕಲಿತು, "ನೀರು ಬಿಸಿ ಐತಿ" ಎನ್ನುವವರೆಗೆ ಬಂದು, ವಿಲಾಯತಿಗೆ ಹೊರಟ. ಹೊರಡುವಾಗ ತನ್ನ ಹಳೆಯ ಮೋಟಾರನ್ನು ಗುರುದಕ್ಷಿಣೆಯೆಂದು ನನಗೆ ಕೊಟ್ಟ. ಅದನ್ನು ಬೇರೆ ಯಾರೂ ಬಿಟ್ಟಿಯಾಗಿಯೂ ಒಯ್ಯಲು ಒಪ್ಪಿರಲಿಲ್ಲವೆಂದು ಆಮೇಲೆ ತಿಳಿಯಿತು. ಅವನ ಡ್ರೈವರು ಒಂದು ತಿಂಗಳು ಬಾಜು ಕೂತು ನನಗೆ ಮೋಟಾರು ನಡೆಸಲು ಕಲಿಸಿದ. ಕಲಿಸಿ ಮುಗಿಸಿದ ಮರುದಿನವೇ ಊರು ಬಿಟ್ಟ!

ಇಷ್ಟಕ್ಕೇ ನಿಂತಿದ್ದರೆ ಸುಖವಾಗಿತ್ತು. ಆದರೆ ಖಾನಾಪುರದಲ್ಲಿ ನನ್ನ ಹೆಂಡತಿ ಗಂಗವ್ವನ ತಂಗಿ ಶಾಂತವ್ವನ ಮದುವೆ ನಿಶ್ಚಯವಾಯಿತು. ವರನ ಮೆರವಣಿಗೆಗೆ ಮಾವನವರು ಕುದುರೆ ಗೊತ್ತು ಮಾಡಿದ್ದರು. ನಿಶ್ಚಯದ ಊಟದ ಪಂಕ್ತಿಯಲ್ಲಿ ಹೋಳಿಗೆ ತಿನ್ನುತ್ತ ಸುಮ್ಮನಿರುವುದು ನನ್ನಿಂದ ಆಗಬೇಕಲ್ಲ!

"ಕುದುರಿ ಯಾಕ್ರಿ ಮಾವಾರ? ನನ್ನ ಮೋಟಾರ ಐತಲ್ಲ. ಹೊಸಾದರಂಗ ಐತಿ!" ಎಂದುಬಿಟ್ಟೆ. ಮಾವನವರು ಹಿಗ್ಗಿ ಹೀರೇಕಾಯಿಯಾಗಿ ಆ ಸಂಜೆಯೇ ಕುದುರೆಯವನಿಗೆ ಬೇಡವೆಂದು ಹೇಳಿ ಕಳಿಸಿದರು.

ನನ್ನ ಈ ಔದಾರ್ಯದ ಹಿಂದೆ ಒಂದು ಹಳೆಯ ಗಾಯವಿತ್ತು. ಹನ್ನೊಂದು ವರ್ಷದ ಹಿಂದೆ ನಮ್ಮ ಮದುವೆಯ ದಿನ, ನಾನು ಏರಿದ್ದ ಕುದುರೆ ಬಾಜಾಭಜಂತ್ರಿಯ ಸದ್ದಿಗೆ ಬೆದರಿ, ನನ್ನನ್ನು ಕೆಳಗೆ ಹಾಕಿ, ತಾನೊಂದೇ ಊರ ಕಡೆ ಓಡಿತ್ತು. ನಾನು ಬಾಸಿಂಗ ಸರಿಮಾಡಿಕೊಂಡು ನಡೆದೇ ಮಂಟಪ ಸೇರಿದ್ದೆ. ಅಂದಿನಿಂದ ಖಾನಾಪುರದಲ್ಲಿ ನನ್ನ ಹೆಸರು "ನಡಕೊಂಡ ಬಂದ ಅಳಿಯ." ಗಂಗವ್ವ ತವರಿಗೆ ಹೋದಾಗಲೆಲ್ಲ ಬಾವಿಕಟ್ಟೆಯಲ್ಲಿ ಈ ಹೆಸರು ಕೇಳಿ, ಕೊಡ ತುಂಬಿಕೊಂಡು, ತಲೆ ತಗ್ಗಿಸಿ ಮನೆಗೆ ಬರುತ್ತಿದ್ದಳು.

"ಈ ಸಲ ನನ್ನ ಮಾರಿ ಉಳಸ್ರಿ," ಎಂದಳು ಆಕೆ. "ತವರಾಗ ಒಂದ ದಿನಾ ತಲಿ ಎತ್ತಿ ಅಡ್ಡಾಡತೀನಿ. ಮತ್ತೇನೂ ಬ್ಯಾಡ ನನಗ."

ಮಾತು ಕೊಟ್ಟೆ. ಕೊಟ್ಟ ಮೇಲೆ ಹೊರಗೆ ಬಂದು ಮೋಟಾರನ್ನು ನೋಡಿದೆ. ಒಂದು ಮಳೆಗಾಲವನ್ನಿಡೀ ಬೇವಿನ ಮರದ ಕೆಳಗೆ ಕಳೆದ ಅದರ ಮೈಮೇಲೆ ಮಡ್‌ಗಾರ್ಡಿನಿಂದ ಬಾಗಿಲವರೆಗೆ ತುಕ್ಕಿನ ಕಲೆಗಳು ಎದ್ದಿದ್ದವು. ಮದುವೆಗೆ ಎಂಟು ದಿನ ಉಳಿದಿತ್ತು.

ಆ ಸೋಮವಾರ ಒಂದು ಬುಟ್ಟಿ ಹುಣಸೆಹಣ್ಣು ನೆನೆಸಿ, ಹಿಡಿ ಹಿಡಿಯಾಗಿ ಉಪ್ಪು ಬೆರೆಸಿ, ಕಲೆಗಳಿಗೆಲ್ಲ ದಪ್ಪಗೆ ಮೆತ್ತಿದೆ. ಬಾಜು ಮನೆಯ ಬಸಪ್ಪ ತನ್ನ ಚಕ್ಕಡಿಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತ ನೋಡುತ್ತಿದ್ದ.

"ಮುನ್ಶಿಯವರ, ಜಂಗ ಹತ್ತಿದ್ದಕ್ಕ ಕ್ಯಾಂಪಿನ ಮಿಸ್ತ್ರಿ ಕಡೆ ಹೋಗೂದು ಬಿಟ್ಟು ಸಾರು ಮಾಡಾಕ ಹತ್ತೀರಿ?"

"ಬಸಪ್ಪಾ, ತಾಮ್ರಕ್ಕ ಆಗೂದು ಕಬ್ಬಿಣಕ್ಕ ಯಾಕ ಆಗೂದಿಲ್ಲ? ಎರಡೂ ಲೋಹ!"

"ನೀವೂ ಸಾಹೇಬ್ರೂ ಇಬ್ರೂ ಮನಷ್ಯಾರ. ಅವ್ರಿಗೆ ಕನ್ನಡ ಬಂತೇನ್ರಿ?"

ನಾನು ಇನ್ನೊಂದು ಹಿಡಿ ಉಪ್ಪು ಮೆತ್ತಿದೆ. ತಿಳಿದವರು ವಾದ ಮಾಡುವುದಿಲ್ಲ. ಮಧ್ಯಾಹ್ನ ಉಂಡು ಒಂದು ಗಳಿಗೆ ಅಡ್ಡಾಗಿ ಎದ್ದು ಬರುವಷ್ಟರಲ್ಲಿ ಬಸಪ್ಪನ ಎಮ್ಮೆ ಹಗ್ಗ ಬಿಚ್ಚಿಕೊಂಡು ಬಂದು ನನ್ನ ಮೋಟಾರನ್ನು ನೆಕ್ಕುತ್ತಿತ್ತು. ಉಪ್ಪಿನ ರುಚಿ! ಸದರಿ ಎಮ್ಮೆಯು ಎಡಗಡೆಯ ಮಡ್‌ಗಾರ್ಡನ್ನು ಮುಗಿಸಿ ಬಾಗಿಲಿಗೆ ಬಂದಿತ್ತು. ಅದರ ಒರಟು ನಾಲಿಗೆಗೆ ಸಾಹೇಬನ ಕಾಲದ ಬಣ್ಣ ಸಿಪ್ಪೆಸಿಪ್ಪೆಯಾಗಿ ಎದ್ದುಬರುತ್ತಿತ್ತು. ಕೋಲು ತೆಗೆದುಕೊಂಡು ಓಡಿದೆ. ನನಗಿಂತ ಮೊದಲು ಬಸಪ್ಪ ಓಡಿಬಂದ.

"ಎಮ್ಮಿ ಹೊಟ್ಟ್ಯಾಗ ಕರೇ ಬಣ್ಣ ಹೋತಲ್ರಿ! ನಾಳೆ ಹಾಲು ಕರೇದು ಬಂದ್ರ ನೀವ ಕುಡೀತೀರೇನು?"

ಹಾಲು ಬೆಳ್ಳಗೇ ಬಂತು. ಕೆಟ್ಟದ್ದು ಮೋಟಾರು ಮಾತ್ರ. ಉಪ್ಪು ಹುಳಿ ಕುಡಿದ ಕಬ್ಬಿಣ ಮರುದಿನ ಬೆಳಿಗ್ಗೆ ನೋಡಿದರೆ ಕುಂಕುಮ ಚೆಲ್ಲಿದ ಹಾಗೆ ಕೆಂಪಾಗಿತ್ತು. ನಾಲ್ಕು ಕಲೆ ಇದ್ದಲ್ಲಿ ನಲವತ್ತು. ಗಂಗವ್ವ ಬಾಗಿಲಲ್ಲಿ ನಿಂತು ನೋಡಿದಳು, ಒಳಗೆ ಹೋಗಿ ಮದುವೆಗೆಂದು ತೆಗೆದಿಟ್ಟಿದ್ದ ಸೀರೆಯನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಾನ ಬಿಟ್ಟು ಕ್ಯಾಂಪಿನ ಮಿಸ್ತ್ರಿಯ ಹತ್ತಿರ ಹೋದೆ. ಅವನ ಕೈಯಲ್ಲಿ ಹದಿನೈದು ದಿನದ ಕೆಲಸ ಇತ್ತು. ಆದರೂ ಕರುಣೆಯಿಂದ ಉಪಾಯ ಹೇಳಿದ: "ಜಂಗ ಪೂರಾ ಕೆರದು ತಗೀರಿ. ಕಂದೀಲಿನ ಕರಿ ತಗೊಂಡು ಅಗಸಿ ಎಣ್ಣ್ಯಾಗ ಕುದಿಸಿ ತೆಳ್ಳಗ ಹಚ್ರಿ. ಬಿಸಿಲಾಗ ಒಣಗಸ್ರಿ. ಬ್ಯಾರೆ ಎಣ್ಣಿ ನಡ್ಯೂದಿಲ್ಲ, ನೆನಪಿಡ್ರಿ."

ಎರಡು ದಿನ ಕೆರೆದೆ. ಗಂಗವ್ವನ ಎರಡು ತುರಿಮಣೆ ಮೊಂಡಾದವು, ಕಲೆಗಳು ಮಾತ್ರ ಪೂರಾ ಹೋಗಲಿಲ್ಲ. ಆಮೇಲೆ ಓಣಿಯ ನೇಕಾರರ ಮನೆಮನೆಗೆ ಹೋಗಿ ಅವರ ಕಂದೀಲಿನ ಗಾಜುಗಳನ್ನು ಒರೆಸಿ, ದೀಪದ ಗೂಡುಗಳನ್ನು ಕೆರೆದು ಕರಿ ಕೂಡಿಸಿದೆ. ಕನ್ನಡ ಕಲಿಸುವ ಉದ್ಯೋಗ ಹೋಯಿತೆಂದು ತಿಳಿದು ಒಬ್ಬ ಮುದುಕಿ ನನಗೆ ಎರಡು ರೊಟ್ಟಿ ಕೊಟ್ಟಳು. ತಿಂದೆ. ಹಸಿವಾಗಿತ್ತು.

ಮನೆಗೆ ಬಂದು ಅಡುಗೆಮನೆಯಲ್ಲಿ ನೋಡಿದರೆ ಅಗಸೆ ಎಣ್ಣೆ ಒಂದು ಸೌಟಿನಷ್ಟಿತ್ತು. ಪಕ್ಕದಲ್ಲಿ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಗಡಿಗೆ ತುಂಬ ಇತ್ತು. ಆಗ ನನ್ನೊಳಗಿನ ಪಂಡಿತ ಎಚ್ಚತ್ತ. ಅಗಸೆ ಎಣ್ಣೆ ತೆಳ್ಳಗಿದೆ, ಔಡಲ ಎಣ್ಣೆ ದಪ್ಪಗಿದೆ. ತೆಳ್ಳಗಿನದೇ ತುಕ್ಕು ತಡೆಯುವುದಾದರೆ ದಪ್ಪನೆಯದು ಇನ್ನೆಷ್ಟು ತಡೆಯಬೇಡ! ಮಿಸ್ತ್ರಿ ಪಾಪ, ಓದಿದವನಲ್ಲ. ಗಡಿಗೆಯನ್ನಿಡೀ ಸುರಿದು ಕುದಿಸಿದೆ.

ಬಣ್ಣ ಹಚ್ಚಿದ ಮೇಲೆ ಮೋಟಾರು ಹೇಗೆ ಹೊಳೆಯಿತು ಅಂತೀರಿ! ಓಣಿಯೆಲ್ಲ ಬಂದು ನೋಡಿತು. ಗಂಗವ್ವನೂ ಹಿಗ್ಗಿನಿಂದ ಬಂದಳು. ಬೆರಳು ತಾಗಿಸಿದಳು, ಮೂಸಿ ನೋಡಿದಳು. ಮುಖದ ಬಣ್ಣ ಇಳಿಯಿತು.

"ಏನ್ರೀ, ಔಡಲ ಎಣ್ಣ್ಯಾಗ ದೀಪದ ಕರಿ ಕಲಿಸೀರೇನು? ಇದು ಕಾಡಿಗಿ! ಕೂಸಿನ ಕಣ್ಣಿಗೆ ಹಚ್ಚೂದು!"

"ಅಲ್ಲ ತಂಗಿ," ಎಂದ ಬಸಪ್ಪ, "ಇದು ಕೀಲೆಣ್ಣಿ. ನಾ ಚಕ್ಕಡಿ ಗಾಲಿಗೆ ಹಾಕೂದು."

"ಇಬ್ರೂ ಸುಮ್ಮನಿರ್ರಿ, ಇದು ಬಣ್ಣ! ಒಣಗಿದ ಮ್ಯಾಲ ನೋಡ್ರಿ!" ಎಂದೆ.

"ಕಾಡಿಗಿ ಒಣಗಿದ್ದು ಎಲ್ಲೆರ ನೋಡೀರೇನ್ರೀ?" ಎಂದಳು ಗಂಗವ್ವ.

ಎರಡು ದಿನ ಕಾದೆ. ಒಣಗಲಿಲ್ಲ. ಬೇಸಿಗೆಯ ಬಿಸಿಲಿಗೆ ಇನ್ನಷ್ಟು ಹಸಿಯಾಯಿತು. ಕುದುರೆಯವನನ್ನು ಮತ್ತೆ ಕರೆಸೋಣವೆಂದರೆ ಅವನು ಬೇರೆ ಮದುವೆ ಹಿಡಿದಿದ್ದ. ಹೋಗುವಾಗ ಗಾಳಿಗೆ ಒಣಗುತ್ತದೆ ಎಂದು ಹೇಳಿ, ಗಂಗವ್ವನಿಗೆ ಹಳೆಯ ದುಪ್ಪಟಿ ಹೊದಿಸಿ ಕೂಡಿಸಿಕೊಂಡು, ಉಳಿದ ಬಣ್ಣದ ಗಡಿಗೆಯನ್ನೂ ಇಟ್ಟುಕೊಂಡು ಖಾನಾಪುರಕ್ಕೆ ಹೊರಟೆ.

ಗಾಳಿಗೆ ಒಣಗಲಿಲ್ಲ, ಗಾಳಿಯೊಳಗಿನ ಧೂಳೆಲ್ಲ ಬಂದು ಅಂಟಿತು. ಮಲಪ್ರಭೆಯ ದಂಡೆ ಮುಟ್ಟುವಷ್ಟರಲ್ಲಿ ಕಪ್ಪು ಮೋಟಾರು ಕೆಮ್ಮಣ್ಣು ಸಾರಿಸಿದ ಗೋಡೆಯಾಗಿತ್ತು.

"ಕೆಂಪ ಇದ್ರ ಕೆಂಪ ಇರ್ಲಿ ಬಿಡ್ರಿ," ಎಂದಳು ಗಂಗವ್ವ. "ಧೂಳಾದ್ರೂ ಒಣಾ ಐತಿ. ಮುಟ್ಟಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೀನಿ."

ಆ ದಿನ ಆಡಿದ ಮಾತುಗಳಲ್ಲಿ ಬುದ್ಧಿಯ ಮಾತು ಅದೊಂದೇ. ನಾನು ಕೇಳಲಿಲ್ಲ. ಹೊಳೆಯ ನೀರಿನಿಂದ ಧೂಳು ತೊಳೆದು, ಉಳಿದ ಬಣ್ಣವನ್ನೆಲ್ಲ ಮತ್ತೊಮ್ಮೆ ಬಳಿದೆ. ಮೋಟಾರು ಮತ್ತೆ ಹೊಳೆಯಿತು. ಹೊಳೆಯುತ್ತಲೇ ಮೆರವಣಿಗೆಗೆ ಬಂತು.

ವರ ಬಿಳಿಯ ಧೋತರ, ಬಿಳಿಯ ಕೋಟು, ಜರಿಯ ರುಮಾಲು ತೊಟ್ಟು ನಿಂತಿದ್ದ. ಅವನು ಹತ್ತುವ ಮೊದಲು ಮೋಟಾರಿಗೆ ಪೂಜೆ ಆಗಬೇಕಲ್ಲ? ಮುತ್ತೈದೆಯರು ಆರತಿ ಬೆಳಗಿದರು, ಕಾಯಿ ಒಡೆದರು. ಪೂಜೆಯಾದದ್ದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮವರ ಪದ್ಧತಿ. ಇದೊಂದನ್ನು ನಾನು ಮರೆತಿದ್ದೆ! ನಾನು "ಬ್ಯಾಡ್ರಿ, ಬ್ಯಾಡ್ರಿ" ಎನ್ನುವುದರೊಳಗೆ ವರನ ತಂದೆ ಎರಡೂ ಕೈಯಿಂದ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಅವರ ಹಿಂದೆ ಅಣ್ಣತಮ್ಮಂದಿರು, ಅವರ ಹಿಂದೆ ಬೀಗತಿಯರು, ಅವರ ಹಿಂದೆ ಮೋಟಾರನ್ನು ಎಂದೂ ಮುಟ್ಟದ ಇಡೀ ಓಣಿ. ವಾದ್ಯದವರೂ ಬಿಡಲಿಲ್ಲ. ಭಕ್ತಿಯಿಂದ ಕಣ್ಣು ತೆರೆದಾಗ ಗಿರಿಜಾ ಮೀಸೆಯ ಹಿರಿಯರೆಲ್ಲ ಕಾಡಿಗೆ ಹಚ್ಚಿಕೊಂಡು ಒಬ್ಬರನ್ನೊಬ್ಬರು ನೋಡುತ್ತ ನಿಂತಿದ್ದರು.

ವರ ಅಷ್ಟರಲ್ಲಿ ಹತ್ತಿ ಕೂತು ಬಾಗಿಲ ಮೇಲೆ ಗತ್ತಿನಿಂದ ಕೈಯಿಟ್ಟಿದ್ದ. ಬೆವರು ಒರೆಸಿಕೊಂಡ. ಗಾಬರಿಯಾಗಿ ಕೈಯನ್ನು ಕೋಟಿಗೆ ಒರೆಸಿಕೊಂಡ. ಇನ್ನೂ ಗಾಬರಿಯಾಗಿ ಕೆಳಗಿಳಿದ.

ವರನ ತಂದೆ ನನ್ನ ಹತ್ತಿರ ಬಂದು, ಬಹಳ ಮರ್ಯಾದೆಯಿಂದ, "ಮುನ್ಶಿಯವರ, ನಮ್ಮ ಹುಡುಗ ನಡಕೋತ ಬರ್ತಾನ," ಎಂದರು.

ನಡೆದೇ ಹೋದರು. ಅಷ್ಟು ಜನರ ಕೈ ಒರೆಸಿದ ಮೋಟಾರಿನ ಮೇಲೆ ಈಗ ಬಣ್ಣ ಉಳಿದಿರಲಿಲ್ಲ, ನಲವತ್ತು ಕಲೆಗಳೂ ನಿಚ್ಚಳವಾಗಿ ಕಾಣುತ್ತಿದ್ದವು. ನಾನು ಅದನ್ನು ಅಲ್ಲೇ ಬಿಟ್ಟು ಎಲ್ಲರ ಹಿಂದೆ ನಡೆದೆ. ಮಂಟಪದಲ್ಲಿ ಅಕ್ಷತೆ ಬಿದ್ದಾಗ ಅರಿಸಿನದ ಅಕ್ಕಿ ಎಳ್ಳಿನ ಬಣ್ಣಕ್ಕೆ ತಿರುಗಿತ್ತು. ಗಂಗವ್ವ ಕಂಬಕ್ಕೆ ಒರಗಿ ತಲೆ ತಗ್ಗಿಸಿ ನಿಂತಿದ್ದಳು. ಕೆನ್ನೆಯ ಮೇಲೆ, ಹೊಳೆಯ ದಂಡೆಯಲ್ಲಿ ದುಪ್ಪಟಿ ಸರಿಮಾಡುವಾಗ ತಾಗಿದ ನನ್ನದೇ ಬೆರಳಿನ ಕಪ್ಪು ಗುರುತಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹನ್ನೊಂದು ವರ್ಷದಲ್ಲಿ ಆಕೆ ಕೇಳಿದ್ದು ಒಂದೇ ಒಂದು, ಅದನ್ನೂ ನಾನೇ ಕೈಯಾರೆ ಕರಿ ಮಾಡಿದ್ದೆ.

ಮಾವನವರು ಬಾಯಿ ತೆರೆಯುವವರಿದ್ದರು. ಅವರ ತಾಯಿ, ಎಂಬತ್ತು ದಾಟಿದ ಅಜ್ಜಿ, ಕೂತಲ್ಲಿಂದಲೇ ಕೂಗಿದಳು: "ಯಾಕ ಎಲ್ಲಾರೂ ಮಾರಿ ಸಣ್ಣದು ಮಾಡೀರಿ? ದೃಷ್ಟಿ ಆಗಬಾರದಂತ ಮದುಮಗಳ ಗಲ್ಲಕ್ಕ ಒಂದು ಕರೇ ಬೊಟ್ಟು ಇಡತೀವಿಲ್ಲೋ? ನಮ್ಮ ಹಿರೀ ಅಳಿಯ ಬೀಗರ ಸೈತ ಇಡೀ ಊರಿಗೇ ಇಟ್ಟಾನ! ಈ ಜೋಡಿಗೆ ಇನ್ನ ಯಾರ ಕಣ್ಣೂ ತಾಗೂದಿಲ್ಲ, ಏಳ್ರಿ ಊಟಕ್ಕ!"

ಮೊದಲು ನಕ್ಕವರು ವರನ ತಂದೆ. ಕಾಡಿಗೆ ಕಣ್ಣಲ್ಲಿ ನೀರು ಬಂದು ಗಲ್ಲದ ಮೇಲೆ ಎರಡು ಕಪ್ಪು ಗೆರೆ ಇಳಿಯಿತು. ಆಮೇಲೆ ಮಂಟಪವೇ ನಕ್ಕಿತು. ಗಂಗವ್ವ ತಲೆ ಎತ್ತಿದಳು. ನನ್ನನ್ನು ನೋಡಿದಳು. ಅವಳೂ ನಕ್ಕಳು, ಸಾಕಾಗಿ ಹೋದವರು ನಗುವ ಹಾಗೆ. ನನಗೆ ಮಾತ್ರ ಅಳು ಬಂತು. ಬಣ್ಣದ ಕೈಯಿಂದ ಕಣ್ಣೊರೆಸಿಕೊಂಡು ನಾನೂ ಮದುವೆಯವರಲ್ಲಿ ಒಬ್ಬನಾದೆ.

ಮೋಟಾರು ಈಗ ಬೇವಿನ ಮರದ ಕೆಳಗೇ ಇದೆ. ಬಸಪ್ಪನ ಎಮ್ಮೆ ಹಳೆಯ ಗೆಳೆತನಕ್ಕೆ ಆಗಾಗ ಬಂದು ನೆಕ್ಕಿ ಹೋಗುತ್ತದೆ. ಖಾನಾಪುರದಲ್ಲಿ ನನ್ನನ್ನು "ನಡಕೊಂಡ ಬಂದ ಅಳಿಯ" ಎಂದು ಈಗ ಯಾರೂ ಅನ್ನುವುದಿಲ್ಲ. "ಕಾಡಿಗಿ ಅಳಿಯ" ಅನ್ನುತ್ತಾರೆ.

ನಿನ್ನೆ ಮಾವನವರ ಕಾಗದ ಬಂತು. ಶಾಂತವ್ವನಿಗೆ ಗಂಡುಮಗು, ತೊಟ್ಟಿಲಿಗೆ ಇಬ್ಬರೂ ಬರಬೇಕು. "ಬರುವಾಗ ಕೂಸಿಗೆ ಒಂದು ಡಬ್ಬಿ ಕಾಡಿಗೆ ಮಾಡಿಕೊಂಡು ಬರ್ರಿ, ನಿಮ್ಮಷ್ಟು ಚಲೋ ಮಾಡಾಕ ಯಾರಿಗೂ ಬರೂದಿಲ್ಲ ಅಂತ ಅವ್ವ ಹೇಳ್ಯಾಳ. ಮೋಟಾರು ತರಬ್ಯಾಡ್ರಿ."

ಗಂಗವ್ವ ಆಗಲೇ ಔಡಲ ಎಣ್ಣೆ ತೆಗೆದಿಟ್ಟಿದ್ದಾಳೆ. ನಾಳೆ ಬೆಳಗಿನ ರೈಲಿಗೆ ಹೊರಡುತ್ತೇವೆ. ಸ್ಟೇಶನ್ನಿನಿಂದ ಮಾವನ ಮನೆ ಒಂದು ಮೈಲಿ. ನಡೆದೇ ಹೋಗುತ್ತೇನೆ.