ಪುಟ್ಟ ದೇಶದ ಪುಟ್ಟ ಉಪಗ್ರಹ

ಉಪಗ್ರಹ ಕಟ್ಟುವವರು ಸದಾ ಗಂಭೀರವಾಗಿರುತ್ತಾರೆ ಅಂತ ಜನ ತಿಳಿದಿದ್ದಾರೆ. ಇರುತ್ತೇವೆ, ನಿಜ. ಆದರೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತಾಗಲೇ ಯಾರಾದರೂ ಏನಾದರೂ ಅಂದುಬಿಡುತ್ತಾರೆ.

ನಾನು ಇಂಗ್ಲೆಂಡಿನ ಲೆಸ್ಟರ್‌ನ ಒಂದು ಲ್ಯಾಬಿನಲ್ಲಿ ಎಂಜಿನಿಯರ್. ಆಗ ಒಂದು ಪುಟ್ಟ ದೇಶದ ಮೊಟ್ಟಮೊದಲ ವೈಜ್ಞಾನಿಕ ಉಪಗ್ರಹಕ್ಕೆ ಕೆಲಸ ಮಾಡುತ್ತಿದ್ದೆವು. ವಾತಾವರಣದ ತೀರಾ ಮೇಲಿರುವ ತೆಳುಗಾಳಿಯನ್ನು ಅಳೆಯಬೇಕಿತ್ತು ಅದು. ಆ ದೇಶದಿಂದ ಒಬ್ಬಳು ಯುವ ವಿಜ್ಞಾನಿ ಬಂದಿದ್ದಳು. ಒಬ್ಬಳೇ ಇರುತ್ತಾಳಲ್ಲ ಅಂತ ಹಬ್ಬಗಳಿಗೆ ನಮ್ಮ ಮನೆಗೇ ಕರೆಯುತ್ತಿದ್ದೆ.

ಎಷ್ಟು ದೊಡ್ಡದು?

ಯುಗಾದಿ ಊಟಕ್ಕೆ ನಮ್ಮ ಪರಿಚಯದ ಡಾಕ್ಟರ್ ಆಂಟಿಯೂ ಬಂದಿದ್ದರು. "ಉಪಗ್ರಹ ಎಷ್ಟು ದೊಡ್ಡದಮ್ಮಾ?" ಅಂದರು. ಹುಡುಗಿ ಎರಡೂ ಕೈಯಲ್ಲಿ ತೋರಿಸಿದಳು.

"ಇಷ್ಟೇನಾ? ನಮ್ಮನೆ ಅಕ್ಕಿ ಡಬ್ಬಾನೇ ಇದಕ್ಕಿಂತ ದೊಡ್ಡದು!"

ನನಗೆ ಮುಜುಗರ. ಅವಳು ಮಾತ್ರ ನಕ್ಕಳು. "ನಮ್ಮ ದೇಶ ನೋಡಿಲ್ಲ ನೀವು ಆಂಟಿ. ಅದಕ್ಕೆ ಇದೇ ಸರಿಯಾದ ಸೈಜ್."

ಅಲುಗಾಟ

ರಾಕೆಟ್ಟಿನ ನಡುಕ ತಾಳಿಕೊಳ್ಳುತ್ತದೋ ಇಲ್ಲವೋ ನೋಡಲು ಉಪಗ್ರಹವನ್ನು ಯಂತ್ರದ ಮೇಲೆ ಬಿಗಿದು ಅಲುಗಾಡಿಸುತ್ತಾರೆ. ಅದಕ್ಕೆ ಮ್ಯಾಂಚೆಸ್ಟರ್ ಹತ್ತಿರ ಹೋಗಿದ್ದೆವು. ಯಂತ್ರ ಗುಡುಗಿದ್ದೇ ತಡ, ಹುಡುಗಿ ನನ್ನ ತೋಳು ಹಿಡಿದು ಕಣ್ಣು ಮುಚ್ಚಿದಳು. ನಿಂತ ಮೇಲೆ ನೋಡಿದರೆ ಒಂದು ಸ್ಕ್ರೂ ಕೂಡ ಸಡಿಲವಾಗಿರಲಿಲ್ಲ. ಅವಳು ಮಾತ್ರ ಅಲ್ಲೇ ಕುಸಿದು ಕೂತಳು.

ಯಂತ್ರ ನಡೆಸುತ್ತಿದ್ದವರು ಸಕ್ಕರೆ ಹಾಕಿದ ಟೀ ತಂದುಕೊಟ್ಟು ಹೇಳಿದರು: "ಉಪಗ್ರಹ ಪಾಸ್. ವಿಜ್ಞಾನಿಗೆ ಮಾತ್ರ ಮರುಪರೀಕ್ಷೆ."

ಮೊದಲ ಮಾತು

ರಾಕೆಟ್ ಚೆನ್ನಾಗಿಯೇ ಹಾರಿತು. ಆದರೆ ಉಪಗ್ರಹ ನಮ್ಮ ತಲೆಯ ಮೇಲೆ ಹಾದುಹೋದಾಗಲೆಲ್ಲ ಮೌನ, ಒಂದು ಸಂಕೇತವೂ ಇಲ್ಲ. ಮರುದಿನ ಬೆಳಿಗ್ಗೆ ಲ್ಯಾಬಿನಲ್ಲಿ ಹುಡುಗಿ ತಿಂಡಿ ಮುಟ್ಟಲಿಲ್ಲ. "ಇದು ಸತ್ತರೆ ನಮ್ಮವರು ಇನ್ನೊಂದು ಮಾಡಲ್ಲ. 'ನಮ್ಮಂಥವರಿಗೆ ಯಾಕೆ ಇದೆಲ್ಲ' ಅಂತಾರೆ," ಅಂದಳು. ಹಾಗನ್ನುವವರನ್ನು ನಾನೂ ಕಂಡಿದ್ದೆ.

ಅಷ್ಟರಲ್ಲಿ ರೇಡಿಯೋ ಸ್ಪೀಕರಿನಲ್ಲಿ ಚಿರ್ರ್ ಅಂತ ಸಣ್ಣ ಸದ್ದು. ಪರದೆಯ ಮೇಲೆ ಅಂಕಿಗಳು ಓಡತೊಡಗಿದವು. ಅವಳು ಅಳುತ್ತಲೇ ತನ್ನ ದೇಶದ ಮಂತ್ರಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿದಳು. ನಮಗೂ ತಿಳಿಯಲಿ ಅಂತ ಇಂಗ್ಲಿಷಿನಲ್ಲೇ ಅಂದಳು, "ಸರ್, ಮಾತಾಡಿತು!"

ಅತ್ತಲಿಂದ ಮಂತ್ರಿ ಕೇಳಿದರು, "ಯಾವ ಭಾಷೇಲಿ?"

ಲ್ಯಾಬ್ ತುಂಬ ಎಲ್ಲರೂ ತುಟಿ ಕಚ್ಚಿಕೊಂಡೆವು. ಅವಳು ಅಂಕಿಗಳನ್ನು ನೋಡಿ, ಕಣ್ಣೊರೆಸಿಕೊಂಡು ಹೇಳಿದಳು:

"ನಮ್ಮ ಭಾಷೇಲೇ ಸರ್. ಇನ್ನೂ ಮಗು, ಸ್ವಲ್ಪ ತೊದಲುತ್ತೆ ಅಷ್ಟೆ."