ಕೇಕಿನ ಮೇಲೊಂದು ಗೋಡೆ

ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಮಿರ್ತಾ ಬಾದಾಮಿ ಕಣಕದ ಪುಟ್ಟ ಗೊಂಬೆಗಳಿಗೆ ಒಂದೊಂದಾಗಿ ಕಾಲು ಅಂಟಿಸುತ್ತಿದ್ದಳು. ಬ್ಯೂನಸ್ ಐರಿಸ್‌ನ ಆ ಯೆಹೂದಿ ಕೇರಿಯಲ್ಲಿ ಯಾರ ಮದುವೆಯಾದರೂ ಅವಳ ಪಾಲಿಗೆ ಬರುತ್ತಿದ್ದದ್ದು ಅಡುಗೆಮನೆಯೇ. ಇವತ್ತು ಮಾತ್ರ ಪೆರ್ಲಾ ಚಿಕ್ಕಮ್ಮ ಮಾತು ಕೊಟ್ಟಿದ್ದಳು: "ಕೇಕು ಕತ್ತರಿಸಿ ಹಂಚಿದ್ಮೇಲೆ ನಿನ್ ಕೆಲ್ಸ ಮುಗೀತು. ಹೋಗಿ ಕುಣಿ." ಅದಕ್ಕೇ ಮಿರ್ತಾ ಹೊಸ ಕೆಂಪು ಚಪ್ಪಲಿ ಮೆಟ್ಟಿಕೊಂಡೇ ಕೆಲಸಕ್ಕೆ ಕೂತಿದ್ದಳು.

ಮದುವೆಯೂಟ ಮಾಂಸದ್ದು, ಅದರ ಮೇಲೆ ಹಾಲು ಬೆಣ್ಣೆ ಬಾಯಿಗಿಡುವಂತಿಲ್ಲ. ಹಾಗಾಗಿ ಹಾಲಿನ ಹನಿಯೂ ಸೋಕದಂತೆ ಮಡಿಯಲ್ಲಿ ಕೇಕು ಮಾಡಿದ್ದಳು. ಮೇಲೆ ಹೆಣ್ಣು ಗಂಡು ಗೊಂಬೆಗಳು ಕೈ ಕೈ ಹಿಡಿದು ಸುತ್ತು ಕುಣಿಯುತ್ತಿದ್ದವು. ನಡುವೆ, ಅವರ ಪದ್ಧತಿಯಂತೆ, ಕುರ್ಚಿಯೇರಿದ ಮದುಮಕ್ಕಳು.

ಪಕ್ಕದ ಮನೆಯ ಫೋರ್ತುನಾ ಬೆಲ್ಲಕ್ಕೆ ಬಂದ ನೊಣದ ಹಾಗೆ ಒಳಗೆ ಬಂದಳು.

"ಅಲ್ಲ ಹುಡುಗಿ, ಗಂಡಸ್ರು ಹೆಂಗಸ್ರು ಕೈ ಹಿಡ್ಕೊಂಡಿದಾರಲ್ಲೇ? ಮದುಮಗನ ತಾತ ಜಾಕೊಬೊ ಮಹಾ ಮಡಿವಂತ. ನೋಡಿದ್ರೆ ಕೇಕ್ ಜತೆ ನಿನ್ನೂ ಆಚೆಗೆ ಹಾಕ್ತಾರೆ."

ಮಿರ್ತಾ ಹೆದರಿ ಗೊಂಬೆಗಳ ಕೈ ಬಿಡಿಸಿದಳು. ಒಬ್ಬನಿಗೆ ಕೈಯೇ ಹೋಯಿತು. ಗಂಡಸರು ಈ ಕಡೆ, ಹೆಂಗಸರು ಆ ಕಡೆ.

ಚಿಕ್ಕಮ್ಮ ಇಣುಕಿದಳು. "ಕೈ ಬಿಡಿಸಿದ್ದೇನೋ ಸರಿ, ಕಣ್ಣು? ಈ ಮೀಸೆಯೋನು ಆ ನೀಲಿ ಲಂಗದವಳನ್ನ ನುಂಗೋ ಹಾಗೆ ನೋಡ್ತಿದಾನೆ. ನಡುವೆ ಒಂದು ಗೋಡೆ ಹಾಕೇ."

"ಕಣಕ ಮುಗಿದೋಯ್ತು ಚಿಕ್ಕಮ್ಮ."

"ಗೋಡೆ ನಂಗೆ ಬಿಡಿ" ಎಂದು ಫೋರ್ತುನಾ ಮನೆಗೆ ಓಡಿದಳು. ಕಾಗದ ಬಿಚ್ಚಿದ ದೊಡ್ಡದೊಂದು ಚಾಕೊಲೇಟ್ ಹಲಗೆ ತಂದು, ಯಾರನ್ನೂ ಕೇಳದೆ ಕೇಕಿನ ನಡುವೆ ಊರಿಯೇಬಿಟ್ಟಳು.

ಮಧ್ಯಾಹ್ನ ಮದುವೆ ಛತ್ರದಲ್ಲಿ ಎಲ್ಲರೂ ಕೆಂಡದಲ್ಲಿ ಸುಟ್ಟ ಮಾಂಸವನ್ನು ಹೊಟ್ಟೆ ಬಿರಿಯ ತಿಂದ ಮೇಲೆ ಕೇಕು ಬಂತು. ಚಪ್ಪಾಳೆಯೋ ಚಪ್ಪಾಳೆ. ಜಾಕೊಬೊ ತಾತ ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಈ ಗೋಡೆ ಯಾಕಮ್ಮ?"

"ನಿಮಗೋಸ್ಕರಾನೇ ತಾತ" ಎಂದು ಫೋರ್ತುನಾ ಮುಂದೆ ನುಗ್ಗಿದಳು. "ನಂದೇ ಉಪಾಯ, ನಂದೇ ಚಾಕೊಲೇಟು. ಮೊಮ್ಮಕ್ಕಳಿಗೆ ಅಂತ ತಂದಿಟ್ಟಿದ್ದೆ, ಅಪ್ಪಟ ಹಾಲಿಂದ..."

ಫೋರ್ತುನಾ ನಾಲಿಗೆ ಕಚ್ಚಿಕೊಂಡಳು. ಮಿರ್ತಾಳ ಕೈಯಲ್ಲಿದ್ದ ಚಾಕು ಗಾಳಿಯಲ್ಲೇ ನಿಂತಿತು. ಗೋಡೆ ಕಿತ್ತೆಸೆಯೋಣವೆಂದರೆ ಅದರ ಬುಡ ಆಗಲೇ ಕರಗಿ ಕೇಕಿಗೆಲ್ಲ ಇಳಿದಿತ್ತು.

"ಮಾಂಸ ತಿಂದ್ಮೇಲೆ ಹಾಲಾದ್ರೆ ಸಂಜೆ ತನಕ ಮುಟ್ಟೋ ಹಾಗಿಲ್ಲ" ಎಂದರು ತಾತ. "ಅಲ್ಲೀವರೆಗೆ ಸುಮ್ನೆ ಕೂರೋದಾ? ವಾದ್ಯದೋರೇ, ಬಾರಿಸ್ರಪ್ಪ." ಒಂದು ಕೈಯಲ್ಲಿ ಹೆಂಡತಿಯನ್ನೂ ಇನ್ನೊಂದರಲ್ಲಿ ಫೋರ್ತುನಾಳನ್ನೂ ಹಿಡಿದೆಳೆದರು.

"ತಾತ, ಗಂಡಸ್ರು ಹೆಂಗಸ್ರು ಒಟ್ಟಿಗೇನಾ? ನೀವು ಮಡಿ ಅಂತ..." ಎಂದಳು ಫೋರ್ತುನಾ.

"ನನ್ ಮಡಿಯೆಲ್ಲ ಬಾಯಿಗಮ್ಮ, ಕಾಲಿಗಲ್ಲ. ನನ್ ಮುದುಕಿ ಕೈ ಬಿಟ್ಟು ಕುಣಿದ್ರೆ ಬಿದ್ದೋಗ್ತೀನಿ."

ಛತ್ರಕ್ಕೆ ಛತ್ರವೇ ಎದ್ದಿತು. ಚಿಕ್ಕಮ್ಮ ಮಿರ್ತಾಳ ಕೈಗೆ ಬೀಸಣಿಗೆ ತುರುಕಿದಳು. "ಸಂಜೆ ತನಕ ಬೀಸ್ತಾ ಇಲ್ಲೇ ನಿಂತಿರು. ಬಿಟ್ರೆ ನೊಣ ಮುತ್ತುತ್ವೆ, ಮಕ್ಕಳು ಕೈ ಹಾಕ್ತವೆ." ಅಷ್ಟು ಹೇಳಿ ಅವಳೂ ಸುತ್ತಿನೊಳಗೆ ಹಾರಿದಳು.

ನೆಲ ಅದುರಿದ ರಭಸಕ್ಕೆ ಕೇಕಿನ ಮೇಲೆ ಕೈ ಮುರಿದ ಗೊಂಬೆಯೂ ಕುಣಿಯತೊಡಗಿತು. ಮೇಜಿನಡಿ ಕೆಂಪು ಚಪ್ಪಲಿಗಳು ತಾವಾಗಿ ತಾಳ ಹಾಕಿದವು. ಮಿರ್ತಾ ಹುಟ್ಟಿದಾಗಿನಿಂದ ಎತ್ತದ ದನಿಯನ್ನು ಎತ್ತಿದಳು.

"ಯಾರಾದ್ರೂ ಒಂದು ಗಳಿಗೆ ಈ ಬೀಸಣಿಗೆ ಹಿಡ್ಕೊಳ್ತೀರಾ?"