ಕಣ್ಣು ಮುಚ್ಚಿದವರ ನಡುವೆ ಒಂದು ಪುಸ್ತಕ

ಗಂಟಲು ದೊಡ್ಡದಿದ್ದವರಿಗೆಲ್ಲ ಪ್ರಾರ್ಥನೆ ತಾನಾಗಿ ಬರುತ್ತದೆ ಎಂದು ನೀವು ತಿಳಿದಿದ್ದರೆ ಒಮ್ಮೆ ನನ್ನನ್ನು ನೋಡಬೇಕು. ನಾನು ಬೈಲಹೊಂಗಲದಿಂದ ರಾಮದುರ್ಗಕ್ಕೆ ಹೋಗುವ ಬಸ್ಸಿನ ಕಂಡಕ್ಟರ್. ಹುಣ್ಣಿಮೆಯ ಜಾತ್ರೆಯ ದಿನ ಸವದತ್ತಿ ನಿಲ್ದಾಣದಲ್ಲಿ ಹಿಂದಿನ ಬಾಗಿಲಿಗೆ ಜೋತುಬಿದ್ದು ‘ಒಳಗ ಸರೀರಿ’ ಎಂದು ನಾನು ಕೂಗಿದರೆ ಪಕ್ಕದ ಬಸ್ಸಿನವರೂ ಸರಿಯುತ್ತಾರೆ. ಅಂಥ ನನಗೆ, ನಾಲ್ಕು ಜನರ ನಡುವೆ ನಿಂತು ದೇವರೊಡನೆ ಮಾತಾಡು ಎಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಹುಟ್ಟಿನಿಂದ ಕ್ರೈಸ್ತನಾದವನಿಗೆ ಇದೇನು ರೋಗ ಎಂದು ಕೇಳಬೇಡಿ. ಹಾಡು ಹೇಳು ಅಂದರೆ ಹೇಳುತ್ತೇನೆ, ಜಮಖಾನೆ ಹಾಸು ಅಂದರೆ ಹಾಸುತ್ತೇನೆ, ಚಹಾ ಹಂಚುವುದರಲ್ಲಂತೂ ನನ್ನನ್ನು ಮೀರಿಸುವವರು ನಮ್ಮ ಸಭೆಯಲ್ಲಿ ಇಲ್ಲ. ಪ್ರಾರ್ಥನೆ ಮಾತ್ರ ಬರುವುದಿಲ್ಲ.

ಬರದಿದ್ದರೆ ಸುಮ್ಮನಿರಬಹುದಲ್ಲ ಎನ್ನುತ್ತೀರಿ. ಇರಲು ಬಿಡಬೇಕಲ್ಲ! ನಮ್ಮಲ್ಲಿ ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಪ್ರಾರ್ಥನಾ ಕೂಟ ಸೇರುತ್ತದೆ. ಹಾಡು ಮುಗಿದ ಮೇಲೆ ಸಭೆಯ ಹಿರಿಯರಾದ ದಾನಿಯೇಲ ಮಾಸ್ತರು ಮುನ್ಸೂಚನೆಯೇ ಇಲ್ಲದೆ ಒಬ್ಬರತ್ತ ಕೈ ಚಾಚಿ, ‘ಈಗ ನಮ್ಮ ಸಹೋದರರು ಪ್ರಾರ್ಥನಾ ಮಾಡತಾರ’ ಎಂದುಬಿಡುತ್ತಾರೆ. ಮರುಕ್ಷಣವೇ ಎಲ್ಲರ ಕಣ್ಣುಗಳೂ ಮುಚ್ಚಿರುತ್ತವೆ. ‘ನನಗ ಬರೂದಿಲ್ರಿ’ ಎಂದು ಕಣ್ಸನ್ನೆ ಮಾಡೋಣವೆಂದರೆ ನೋಡುವವರಾದರೂ ಯಾರು? ಒಮ್ಮೆ ಮಾಸ್ತರ ಹೊಸ ಮನೆಯ ಪ್ರವೇಶದ ದಿನವೇ ಆ ಕೈ ನನ್ನತ್ತ ಬಂತು. ‘ಕರ್ತನೇ, ಈ ಮನೆಯನ್ನು ಆಶೀರ್ವದಿಸು, ಹತ್ತುವವರನ್ನೂ ಆಶೀರ್ವದಿಸು, ಇಳಿಯುವವರನ್ನೂ ಆಶೀರ್ವದಿಸು’ ಎಂಬಲ್ಲಿಗೆ ನನ್ನ ಸರಕು ಖಾಲಿಯಾಯಿತು. ಮುಗಿಸಬೇಕು, ಮುಗಿಸುವ ಮಾತು ನೆನಪಾಗುತ್ತಿಲ್ಲ. ಗಾಬರಿಯಲ್ಲಿ ಕೈ ತಾನಾಗಿ ಗೋಡೆಯನ್ನು ಎರಡು ಸಲ ತಟ್ಟಿತು, ಬಾಯಿ ‘ರೈಟ್!’ ಎಂದಿತು. ಆಮೆನ್ ಅನ್ನಬೇಕಾದವರೆಲ್ಲ ಕಣ್ಣು ತೆರೆದು ಮನೆ ಹೊರಟಿತೇನೋ ಎಂಬಂತೆ ನೋಡಿದರು. ಹೆಂಡತಿ ಸುಗುಣಾ ಊಟಕ್ಕೂ ನಿಲ್ಲದೆ ಮನೆ ಮುಟ್ಟಿದಳು. ಮುಟ್ಟಿದ ಮೇಲೆ, ‘ಇನ್ನ ಪುಸ್ತಕಾನರ ಓದಿ ಕಲೀರಿ. ನನಗ ಸಭಾದಾಗ ಮಾರಿ ಎತ್ತಾಕ ಆಗವಲ್ದು’ ಎಂದಳು.

ಹಾಗೆ ಪುಸ್ತಕಗಳು ಮನೆ ಸೇರತೊಡಗಿದವು. ಪ್ರಾರ್ಥನೆ ಕಲಿಸುವ ಪುಸ್ತಕಗಳು ಇಷ್ಟೊಂದು ಇವೆ ಎಂದು ತಿಳಿದಾಗ ನನಗೆ ಮೊದಲು ಸಮಾಧಾನವಾಯಿತು. ನನ್ನಂಥವರು ಬಹಳ ಜನ ಇದ್ದಾರೆ ಎಂದಾಯಿತಲ್ಲ. ಒಂದು ಪುಸ್ತಕ, ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊ ಎಂದಿತು. ನಮ್ಮ ಕೋಣೆಗಿರುವುದು ಪರದೆ. ನಾನು ಮೊಣಕಾಲೂರಿದಾಗಲೇ ಸುಗುಣಾಳಿಗೆ ಅಲ್ಲಿರುವ ತೊಗರಿಬೇಳೆ ಡಬ್ಬಿ ಬೇಕಾಗುತ್ತಿತ್ತು. ಇನ್ನೊಂದು ಪುಸ್ತಕ, ಪ್ರಾರ್ಥನೆಯಲ್ಲಿ ಮೊದಲು ಸ್ತುತಿ, ಆಮೇಲೆ ಪಾಪದ ಅರಿಕೆ, ಆಮೇಲೆ ಕೃತಜ್ಞತೆ, ಕೊನೆಗೆ ಬೇಡಿಕೆ ಎಂದು ಹಂತ ಹಾಕಿಕೊಟ್ಟಿತು. ಪಾಪದ ಅರಿಕೆಗೆ ಕುಳಿತರೆ ಡ್ಯೂಟಿಗೆ ಹೊತ್ತಾಗುತ್ತಿತ್ತು. ಎಷ್ಟೋ ದಿನ ಬೇಡಿಕೆಯ ಊರನ್ನು ಮುಟ್ಟಲೇ ಇಲ್ಲ.

ಕೊನೆಗೆ ಸಿಕ್ಕಿತು ನೋಡಿ ನನ್ನ ಪುಸ್ತಕ! ಅದರಲ್ಲಿ ಉಪದೇಶದ ಕಾಟವಿಲ್ಲ. ಪ್ರಯಾಣಕ್ಕೆ ಒಂದು, ಪರೀಕ್ಷೆಗೆ ಒಂದು, ಮದುವೆಗೆ, ಮಳೆಗೆ, ರೋಗಕ್ಕೆ ಎಂದು ಎಲ್ಲ ಸಂದರ್ಭಕ್ಕೂ ಸಿದ್ಧ ಪ್ರಾರ್ಥನೆಗಳು. ಉರುಹೊಡೆಯಲು ನೋಡಿದೆ, ತಲೆ ಒಪ್ಪಲಿಲ್ಲ. ಆಗ ಹೊಳೆಯಿತು: ಪ್ರಾರ್ಥನೆ ಹೊತ್ತಿನಲ್ಲಿ ಎಲ್ಲರೂ ಕಣ್ಣು ಮುಚ್ಚಿರುತ್ತಾರೆ. ನಾನೊಬ್ಬ ತೆರೆದರೆ ಯಾರಿಗೆ ಗೊತ್ತಾಗಬೇಕು? ಮುಂದಿನ ಕೂಟದಲ್ಲಿ ಪುಸ್ತಕವನ್ನು ಬೈಬಲ್ಲಿನ ಮೇಲಿಟ್ಟು, ಸ್ವರವನ್ನು ಅಲ್ಲಲ್ಲಿ ನಡುಗಿಸಿ ಓದಿಬಿಟ್ಟೆ. ನವಿಲುತೀರ್ಥ ಅಣೆಕಟ್ಟಿನ ಗೇಟು ತೆಗೆದ ಹಾಗೆ ಹರಿಯಿತು ಪ್ರಾರ್ಥನೆ. ದಾನಿಯೇಲ ಮಾಸ್ತರು ಕಣ್ಣೊರೆಸಿಕೊಂಡು, ‘ಆತ್ಮ ಬಂದೈತ್ರಿ ನಿಮಗ!’ ಎಂದರು. ಆಮೇಲೆ ಕೇಳಬೇಕೆ? ಮುನವಳ್ಳಿಯಲ್ಲಿ ನಿಶ್ಚಿತಾರ್ಥವಾದರೂ ನಾನೇ, ಕಿತ್ತೂರಲ್ಲಿ ಅಂಗಡಿ ತೆರೆದರೂ ನಾನೇ. ಸುಗುಣಾ ಸಭೆಯಲ್ಲಿ ಮುಂದಿನ ಸಾಲಿಗೆ ಬಂದು ಕೂರತೊಡಗಿದಳು. ಅವಳೂ ಕಣ್ಣು ಮುಚ್ಚುವವಳೇ.

ಇಷ್ಟರಲ್ಲಿ ಕಟಕೋಳದಿಂದ ನನ್ನ ಅತ್ತೆ ರಾಹೇಲವ್ವ ಬಂದರು, ಕಣ್ಣಿನ ಪೊರೆ ತೆಗೆಸಲು. ಮಾಸ್ತರ ಮನೆಯ ಪ್ರವೇಶಕ್ಕೂ ಬಂದಿದ್ದವರು, ಈ ಸಲ ಬಂದ ದಿನದಿಂದ ಕೂಟಗಳಿಗೂ ನಮ್ಮೊಡನೆ ಬರುತ್ತಿದ್ದರು. ಪೊರೆ ತೆಗೆಯುವುದು ಈಗೇನು ದೊಡ್ಡ ಮಾತಲ್ಲ, ನಿಜ. ಆದರೆ ಅತ್ತೆಗೆ ಇದ್ದದ್ದು ಒಂದೇ ಕಣ್ಣು. ಚಿಕ್ಕಂದಿನಲ್ಲಿ ಜೋಳ ಕೊಯ್ಯುವಾಗ ದಂಟು ಚುಚ್ಚಿ ಇನ್ನೊಂದು ಹೋಗಿತ್ತು. ಈಗ ಉಳಿದದ್ದಕ್ಕೇ ಕತ್ತರಿ. ಬಾಯಿ ಜೋರಿನ ಹೆಂಗಸು, ಹೆದರಿಕೆ ಎಂದು ಒಪ್ಪುವವರಲ್ಲ. ಆಸ್ಪತ್ರೆಯಲ್ಲಿ ಹಸಿರು ನಿಲುವಂಗಿ ತೊಡಿಸಿದ ಮೇಲೆ ಮಾತ್ರ ಮಂಚದ ಸರಳು ಹಿಡಿದು, ‘ಅಳ್ಯಾರು ಬಂದು ಪ್ರಾರ್ಥನಾ ಮಾಡೂತನಕ ನಾ ಒಳಗ ಹೋಗಾಂಗಿಲ್ಲ’ ಎಂದು ಕುಳಿತರಂತೆ. ಸುಗುಣಾ ಫೋನು ಮಾಡಿದ ಕೂಡಲೇ ನಾನು ಡ್ಯೂಟಿ ಬದಲಿಸಿಕೊಂಡು ಓಡಿದೆ.

ಮಂಚದ ಪಕ್ಕ ನಿಂತೆ. ಅತ್ತೆ ಕಣ್ಣು ಮುಚ್ಚಲಿ ಎಂದು ಕಾದೆ. ಮುಚ್ಚಲೇ ಇಲ್ಲ. ಇದ್ದೊಂದು ಕಣ್ಣನ್ನು ಅಗಲ ಮಾಡಿ ನನ್ನನ್ನೇ ನೋಡುತ್ತಿದ್ದರು.

‘ಅತ್ತಿ, ಕಣ್ಣ ಮುಚ್ರಿ.’

‘ಒಲ್ಲೆ. ಒಮ್ಮಿ ಮುಚ್ಚಿದ್ದು ತಿರುಗಿ ತೆರೀತೈತೋ ಇಲ್ಲೋ. ನೀವು ಪುಸ್ತಕ ತಗೀರಿ.’

ನಾನು ಕಿಸೆಯ ಮೇಲೆ ಕೈ ಮುಚ್ಚಿಕೊಂಡೆ. ‘ಯಾವ ಪುಸ್ತಕ್ರಿ?’

‘ಕಿಸೆದಾಗ ಇದ್ದದ್ದು. ನೀವು ಪ್ರಾರ್ಥನಾ ಮಾಡೂ ಮುಂದ ಹಾಳಿ ತಿರುವೂ ಸಪ್ಪಳ ನನಗ ಮದಲಿಂದ ಕೇಳತೈತಿ. ಕಣ್ಣ ಮಂದ ಆಗೈತಿ, ಕಿವಿ ಚಲೋ ಅದಾವ. ಓದ್ರಿ. ನಿಮ್ಮ ಸ್ವಂತದ್ದು ಬ್ಯಾಡ, ಮಾಸ್ತರ ಮನ್ಯಾಗ ಕೇಳೇನಿ.’

ಮಾನ ಹೋದ ಮೇಲೆ ಇನ್ನೇನು, ರಾಜಾರೋಷವಾಗಿ ಪುಸ್ತಕ ತೆಗೆದೆ. ಶಸ್ತ್ರಚಿಕಿತ್ಸೆಯ ಪುಟ ಹುಡುಕಿ ಶುರುಮಾಡಿದೆ. ‘ಕರ್ತನೇ, ನಿನ್ನ ಪಾದದ ಧೂಳಿಯಾದ ಈ ದಾಸಿಗೆ ಬೆಳಕಾಗಲಿ, ಕತ್ತಲಾಗಲಿ...’

ಅತ್ತೆ ಧಡಕ್ಕನೆ ಎದ್ದು ಕೂತರು. ‘ಏ, ಏ, ನಿಂದರ್ರಿ! ಕತ್ತಲಿ ಯಾಕ? ಕತ್ತಲಿ ಕೇಳ್ದಾವ್ರು ಯಾರು?’

‘ಹಂಗಲ್ರಿ ಅತ್ತಿ. ಏನ ಬಂದ್ರೂ ದೇವರ ಚಿತ್ತದಂತೆ ಆಗಲಿ ಅಂತ...’

‘ಆಂವನ ಚಿತ್ತ ಆಂವಗ ಗೊತ್ತೈತಿ. ನೀವು ನನ್ನ ಚಿತ್ತ ಹೇಳ್ರಿ. ಎಮ್ಮಿ ಇಯ್ಯೂ ದಿನ ಹತ್ರ ಬಂದೈತಿ, ಅದನ್ನ ನೋಡ್ಕೊಳ್ಳಾಕ ಯಾರೂ ಇಲ್ಲ ಅಂತ ಹೇಳ್ರಿ.’

ಪುಸ್ತಕದಲ್ಲಿ ಎಮ್ಮೆಯ ಪುಟವಿಲ್ಲ. ಆದರೂ ಅದರ ಭಾಷೆಯನ್ನು ಬಿಡದೆ, ‘ಕರ್ತನೇ, ನಿನ್ನ ದಾಸಿಯ ಮಹಿಷಿಯು ಪ್ರಸವಕಾಲವನ್ನು ಸಮೀಪಿಸಿರಲಾಗಿ’ ಎಂದೆ.

‘ಹಿಂಗ ಹೇಳಿದ್ರ ಎಮ್ಮಿಗೂ ತಿಳ್ಯಾಂಗಿಲ್ಲ, ದೇವರಿಗೂ ತಿಳ್ಯಾಂಗಿಲ್ಲ. ಸೀದಾ ಹೇಳ್ರಿ.’ ಆಮೇಲೆ ನನ್ನ ತೋಳು ಹಿಡಿದು, ಸಣ್ಣ ದನಿಯಲ್ಲಿ, ‘ಇದೊಂದ ಐತಿ ಅಂತ ಹೇಳ್ರಿ’ ಎಂದರು.

ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ‘ದೇವರ, ಇದೊಂದ ಐತಿ. ಉಳಿಸಿಕೊಡಪಾ’ ಎಂದೆ. ಬೇರೆ ಏನೂ ಹೊಳೆಯಲಿಲ್ಲ. ಗಾಲಿಮಂಚ ತಳ್ಳಲು ಬಂದಿದ್ದ ನರ್ಸ್ ಶಬಾನಾ ಮೆಲ್ಲಗೆ ‘ಆಮೀನ್’ ಎಂದಳು. ಅತ್ತೆ ಸರಳು ಬಿಟ್ಟರು.

ಕಣ್ಣು ಬಂತು, ದೇವರು ದೊಡ್ಡವನು. ಎಷ್ಟು ಚೆನ್ನಾಗಿ ಬಂತೆಂದರೆ ಪಟ್ಟಿ ಬಿಚ್ಚಿದ ದಿನವೇ ಅತ್ತೆ ನಮ್ಮ ಅಡುಗೆಮನೆಯ ಜೇಡರಬಲೆಗಳನ್ನೆಲ್ಲ ಎಣಿಸಿ ಸುಗುಣಾಳ ನಿದ್ದೆ ಕೆಡಿಸಿದರು; ನನಗೆ, ‘ಅಳ್ಯಾರ, ಯಾವಾಗ ಇಷ್ಟ ಬೋಳ ಆದ್ರಿ?’ ಎಂದರು. ಡಾಕ್ಟರು ಓದಲು ಅಪ್ಪಣೆ ಕೊಟ್ಟ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತ ನನ್ನ ಪುಸ್ತಕವನ್ನೇ ಹಿಡಿದು ಕೂತರು. ಕೈಯಲ್ಲೊಂದು ಬಾಲ್‌ಪೆನ್ನೂ ಇತ್ತು. ಇಷ್ಟವಾದ ಸಾಲುಗಳಿಗೆ ಗುರುತು ಹಾಕುತ್ತಿದ್ದಾರೆ ಎಂದುಕೊಂಡೆ.

ಮುಂದಿನ ಕೂಟ ರಾಮದುರ್ಗದಲ್ಲಿ, ಮಾಸ್ತರ ಮಗಳ ಮನೆಯಲ್ಲಿ. ಮಾಸ್ತರ ಕೈ ಚಾಚಿತು, ಕಣ್ಣುಗಳು ಮುಚ್ಚಿದವು, ನಾನು ಪುಸ್ತಕ ತೆರೆದೆ. ಪುಟದ ತುಂಬ ನೀಲಿ ಗೆರೆ! ಮೇಲೆ ‘ಕರ್ತನೇ’, ಕೆಳಗೆ ‘ಆಮೆನ್’, ನಡುವಿನದ್ದೆಲ್ಲ ಹೊಡೆದುಹಾಕಿತ್ತು. ಪುಟ ತಿರುಗಿಸಿದೆ, ಅಲ್ಲೂ ಅದೇ. ತಲೆಯೆತ್ತಿದರೆ ಎದುರಿಗೆ ಅತ್ತೆ, ಹೊಸ ಕಣ್ಣು ತೆರೆದುಕೊಂಡು, ಮುಂದೇನು ಮಾಡುತ್ತೀರಿ ಎಂಬಂತೆ ನೋಡುತ್ತಿದ್ದಾರೆ. ನಾನು ‘ಕರ್ತನೇ’ ಎಂದೆ. ಬಹಳ ಹೊತ್ತು ನಿಂತೆ. ಬೇರೆ ದಾರಿ ಕಾಣದೆ ‘ಆಮೆನ್’ ಎಂದು ಕೂತುಬಿಟ್ಟೆ.

ದಾರಿಯಲ್ಲಿ ಅತ್ತೆಯನ್ನು ಕೇಳಿದರೆ, ‘ದೇವರಿಗೆ ಇಲ್ಲದ ಐಡಿಯಾ ಕೊಡೂ ಸಾಲು ಅಷ್ಟ ತಗದೇನ್ರಿ’ ಎಂದರು. ಅದಿರಲಿ. ಮಾಸ್ತರು ಅಂದು ನನ್ನ ಎರಡೂ ಕೈ ಹಿಡಿದು, ‘ಇಂಥಾ ಪ್ರಾರ್ಥನಾ ನೀವು ಎಂದೂ ಮಾಡಿದ್ದಿಲ್ಲ. ಆ ಸುಮ್ಮನಿದ್ದ ಹೊತ್ತಿನ್ಯಾಗ ನಾನೂ ನಂದೆಲ್ಲಾ ಹೇಳ್ಕೊಂಡೆ’ ಎಂದು ಗದ್ಗದರಾದರು. ಅಷ್ಟಕ್ಕೇ ಬಿಡದೆ, ಸಭೆಯ ತರುಣರಿಗೆಲ್ಲ ಪ್ರಾರ್ಥನೆ ಕಲಿಸುವ ಕೆಲಸವನ್ನು ನನಗೇ ವಹಿಸಿದ್ದಾರೆ. ಸುಗುಣಾ ಖುಷಿಯಿಂದ ನನಗೊಂದು ಬಿಳಿ ಅಂಗಿ ಹೊಲಿಯಲು ಕೊಟ್ಟಿದ್ದಾಳೆ. ನಾನು ಡ್ಯೂಟಿಯ ನಡುವೆ, ಬಸ್ಸು ನಿಂತ ಊರಲ್ಲೆಲ್ಲ ಇಳಿದು, ಪ್ರಾರ್ಥನೆ ಕಲಿಸುವವರಿಗೆ ಕಲಿಸುವ ಪುಸ್ತಕ ಯಾವುದಾದರೂ ಇದೆಯೇ ಎಂದು ವಿಚಾರಿಸುತ್ತಿದ್ದೇನೆ.